ಅಗ್ಗದ ಟಿಕೆಟ್, ದುಬಾರಿ ಪಾರ್ಟು: ವಿಮಾನ ರಿಪೇರಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿಮಾನದ ಕೆಲಸ ಗೊತ್ತಿರುವವರು ಬೆಂಗಳೂರಿನಲ್ಲಿ ಸಿಕ್ಕರೆ ಜನ ಸುಮ್ನೆ ಬಿಡುವುದಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ, ವಿಮಾನ ತಡವಾಗಿ ಗೇಟಿನಲ್ಲಿ ಕೂತಿರುವಾಗ ಫೋನಿನಲ್ಲಿ ಕೇಳುತ್ತಲೇ ಇರುತ್ತಾರೆ. ಹಾಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ದುಡ್ಡು ಮತ್ತು ಎಂಜಿನ್ನಿನ ತಲೆನೋವು ಆಮೇಲೆ.

ಮೊದಲ ಭಾಗ: ಪ್ರಯಾಣಿಕರು ಕೇಳುವುದು

ಟಿಕೆಟ್ ಇಷ್ಟು ಕಡಿಮೆಗೆ ಕೊಡ್ತಾರೆ ಅಂದ್ರೆ ರಿಪೇರಿಲೂ ಉಳಿಸ್ತಾರೆ ಅಂತ ತಾನೆ?

ಇಲ್ಲ. ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಟಿಕೆಟ್ ದರ ನೋಡಿ ನಿಯಮ ಮಾಡುವುದಿಲ್ಲ. ಯಾವ ಭಾಗವನ್ನು ಎಷ್ಟು ಗಂಟೆ ಹಾರಿದ ಮೇಲೆ ನೋಡಬೇಕು, ಎಷ್ಟು ಲ್ಯಾಂಡಿಂಗ್ ಆದ ಮೇಲೆ ಬದಲಿಸಬೇಕು ಎಂಬುದೆಲ್ಲ ಮೇಂಟೆನೆನ್ಸ್ ಪ್ರೋಗ್ರಾಂನಲ್ಲಿ ಬರೆದಿರುತ್ತದೆ. ವಿಮಾನ ತಯಾರಿಸಿದವರ ದಾಖಲೆಗಳೇ ಅದಕ್ಕೆ ಆಧಾರ. ಅದಕ್ಕೆ ಡಿಜಿಸಿಎ ಒಪ್ಪಿಗೆ ಬೇಕು. ಬಿಸಿನೆಸ್ ಕ್ಲಾಸ್ ಇರುವ ಕಂಪನಿಯ ಏರ್‌ಬಸ್ ಎ320 ವಿಮಾನಕ್ಕೂ, ನೀರಿನ ಬಾಟಲಿಗೂ ದುಡ್ಡು ಕೇಳುವ ಕಂಪನಿಯ ಎ320ಗೂ ಕೆಲಸ ಒಂದೇ.

ಉಳಿತಾಯ ಬೇರೆ ಕಡೆ ಆಗುತ್ತದೆ. ಊಟ ಇಲ್ಲ, ಸೀಟು ಒತ್ತೊತ್ತು, ಇಳಿದ ಅರ್ಧ ಗಂಟೆಗೆ ಮತ್ತೆ ಹಾರಾಟ, ದಿನಕ್ಕೆ 12-13 ಗಂಟೆ ಗಾಳಿಯಲ್ಲೇ. ಕಷ್ಟ ಶುರುವಾಗುವುದು ಇಲ್ಲೇ. ಕೈಯಲ್ಲಿ ಖಾಲಿ ವಿಮಾನ ಇರುವುದಿಲ್ಲ, ಖಾಲಿ ಸಮಯ ಇರುವುದಿಲ್ಲ, ಸ್ಟೋರ್ಸ್‌ನಲ್ಲಿ ಜಾಸ್ತಿ ಪಾರ್ಟೂ ಇರುವುದಿಲ್ಲ. ಹಾಗಾಗಿ ದೊಡ್ಡ ಕಂಪನಿಯಲ್ಲಿ ನಿಮಗೆ ಗೊತ್ತೇ ಆಗದೆ ಮುಗಿಯುವ ತೊಂದರೆ ಇಲ್ಲಿ ಮೂರು ಗಂಟೆ ತಡವಾಗಿ ಕಾಣುತ್ತದೆ. ವಿಮಾನ ತಡವಾಯಿತು ಎಂದರೆ ಯಾರೋ ಒಬ್ಬ ಎಂಜಿನಿಯರ್ ಸಹಿ ಹಾಕಲು ಒಪ್ಪಲಿಲ್ಲ ಎಂದೂ ಇರಬಹುದು. ಅದು ಒಳ್ಳೆಯದೇ ಅಲ್ವಾ?

"ಟೆಕ್ನಿಕಲ್ ರೀಸನ್" ಅಂತಾರಲ್ಲ, ಹಾಗಂದ್ರೆ ಏನ್ರೀ?

ಏನು ಬೇಕಾದರೂ ಆಗಿರಬಹುದು. ಟೈರಿನಲ್ಲಿ ಕಟ್, ಬಾಗಿಲಿನ ಸೆನ್ಸರ್, ಹೈಡ್ರಾಲಿಕ್ ಸೋರಿಕೆ, ಕಾಕ್‌ಪಿಟ್‌ನಲ್ಲಿ ಒಂದು ಎಚ್ಚರಿಕೆ ಸಂದೇಶ. ಬೆಂಗಳೂರಿನಲ್ಲಿ ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗು-ಸಿಡಿಲು ಜಾಸ್ತಿ. ವಿಮಾನಕ್ಕೆ ಸಿಡಿಲು ಬಡಿದರೆ ಒಳಗೆ ಕೂತವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಇಳಿದ ಮೇಲೆ ಅದು ಎಲ್ಲಿ ಹೊಕ್ಕು ಎಲ್ಲಿ ಹೊರಟಿತು ಎಂದು ವಿಮಾನದ ಮೈಯೆಲ್ಲ ಹುಡುಕಬೇಕು. ಸಣ್ಣ ಸುಟ್ಟ ಕಲೆಯನ್ನೂ ಬಿಡುವಂತಿಲ್ಲ. ಇದಕ್ಕೇ ಗಂಟೆಗಟ್ಟಲೆ ಬೇಕು.

ಹಕ್ಕಿ ಬಡಿದರೂ ಅಷ್ಟೇ. ಎಂಜಿನ್ ಒಳಗೆ ಬೋರೋಸ್ಕೋಪ್ ಎಂಬ ತೆಳು ಕ್ಯಾಮೆರಾ ಕೊಳವೆ ಇಳಿಸಿ ಬ್ಲೇಡುಗಳನ್ನು ಒಂದೊಂದಾಗಿ ನೋಡುತ್ತಾರೆ. ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವಾಗ ಸುತ್ತಮುತ್ತ ಮಾಂಸದಂಗಡಿ ಮುಚ್ಚಿಸುವುದು ನೆನಪಿದೆಯಲ್ಲ, ಅದೂ ಈ ಹದ್ದುಗಳ ಭಯಕ್ಕೇ.

ಇನ್ನೊಂದು ವಿಷಯ. ಕೆಟ್ಟಿರುವುದು ನಿಮ್ಮ ವಿಮಾನವೇ ಆಗಿರಬೇಕಿಲ್ಲ. ಬೆಳಗ್ಗೆ ದೇವನಹಳ್ಳಿಯಿಂದ ಹೊರಟ ವಿಮಾನ ಗೋವಾ, ಮುಂಬೈ, ಕೊಚ್ಚಿ ಸುತ್ತಿ ಸಂಜೆ ನಿಮ್ಮ ಗೇಟಿಗೆ ಬರುತ್ತದೆ. ಬೆಳಗಿನ ಒಂದು ಗಂಟೆ ತಡ ಸಂಜೆಗೆ ಮೂರು ಗಂಟೆಯಾಗಿರುತ್ತದೆ.

ನಾವು ಕೂತಮೇಲೆ ಎಂಜಿನಿಯರ್ ಬಂದು ಪುಸ್ತಕದಲ್ಲಿ ಏನೋ ಬರೆದು ಹೋದ್ರು. ಕೆಟ್ಟಿದ್ದನ್ನ ಸರಿ ಮಾಡದೇ ಹಾರಿಸಿಬಿಟ್ರಾ?

ಹಾರಿಸಿರಬಹುದು, ಅದಕ್ಕೆ ಅನುಮತಿಯೂ ಇದೆ. ಮಿನಿಮಮ್ ಎಕ್ವಿಪ್‌ಮೆಂಟ್ ಲಿಸ್ಟ್ ಎಂಬ ಪಟ್ಟಿ ಇರುತ್ತದೆ. ಕೆಲಸದವರ ಬಾಯಲ್ಲಿ ಅದು "ಮೆಲ್". ಯಾವುದು ಕೆಟ್ಟರೂ ಸುರಕ್ಷಿತವಾಗಿ ಹಾರಬಹುದು, ಯಾವ ಷರತ್ತಿನ ಮೇಲೆ, ಎಷ್ಟು ದಿನ ಎಂದು ಅದರಲ್ಲಿ ಇರುತ್ತದೆ. ಬಿ ವರ್ಗದ್ದಾದರೆ 3 ದಿನ, ಸಿ ಆದರೆ 10, ಡಿ ಆದರೆ 120. ಎ ವರ್ಗದವಕ್ಕೆ ಗಡುವನ್ನು ಅಲ್ಲೇ ಬೇರೆಯಾಗಿ ಬರೆದಿರುತ್ತಾರೆ. ಎರಡು ಏರ್ ಕಂಡೀಷನಿಂಗ್ ಪ್ಯಾಕ್‌ಗಳಲ್ಲಿ ಒಂದು ಕೆಟ್ಟಿದ್ದರೆ ಕಡಿಮೆ ಎತ್ತರದಲ್ಲಿ ಹಾರಬೇಕಾಗುತ್ತದೆ. ಇಂಧನ ಜಾಸ್ತಿ ಖರ್ಚಾಗುತ್ತದೆ, ಅಷ್ಟೇ.

ಮೆಲ್ ಇರುವುದು ವಿಮಾನ ಮನೆಗೆ ತಲುಪಿ ಪಾರ್ಟು ಹಾಕಿಸಿಕೊಳ್ಳಲಿ ಎಂದು. ಪಾರ್ಟು ಕೊಳ್ಳಲು ದುಡ್ಡಿಲ್ಲದೆ ಗಡುವಿನ ಕೊನೆಯವರೆಗೂ ಎಳೆಯುವುದು ಅಭ್ಯಾಸವಾದರೆ ಆ ಕಂಪನಿಯಲ್ಲಿ ಏನೋ ಸರಿಯಿಲ್ಲ ಎಂದರ್ಥ.

ಎಲ್ಲಾ ಒಂದೇ ಥರದ ವಿಮಾನ ಇಟ್ಕೊಂಡ್ರೆ ಸುಲಭ ಅಲ್ವಾ?

ತುಂಬಾ ಸುಲಭ. ಒಂದೇ ಬಗೆಯ ಬಿಡಿಭಾಗ, ಒಂದೇ ತರಬೇತಿ, ಒಂದೇ ಟೂಲ್ಸ್. ಆಕಾಸ ಏರ್ 2022ರಲ್ಲಿ ಬರೀ ಬೋಯಿಂಗ್ 737 ಮ್ಯಾಕ್ಸ್ ಇಟ್ಟುಕೊಂಡು ಶುರು ಮಾಡಿದ್ದು ಇದಕ್ಕೇ. ಕ್ಯಾಪ್ಟನ್ ಗೋಪಿನಾಥ್ ಬೆಂಗಳೂರಿನಲ್ಲಿ 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್‌ನಲ್ಲಿ ಸಣ್ಣ ಊರುಗಳಿಗೆ ಎಟಿಆರ್ ಎಂಬ ಚಿಕ್ಕ ವಿಮಾನ, ದೊಡ್ಡ ಊರುಗಳಿಗೆ ಎ320 ಎರಡೂ ಇದ್ದವು. ಅಂದರೆ ಎರಡು ಬಗೆಯ ಸ್ಟೋರ್ಸು, ಎರಡು ಬಗೆಯ ಲೈಸೆನ್ಸು.

ಆದರೆ ಒಂದೇ ಬಗೆಯದ್ದಾದರೆ ರೋಗ ಬಂದಾಗ ಎಲ್ಲಕ್ಕೂ ಒಟ್ಟಿಗೇ ಬರುತ್ತದೆ. 2025ರ ನವೆಂಬರ್ ಕೊನೆಯಲ್ಲಿ ಎ320 ಕುಟುಂಬದ ಹಾರಾಟ ನಿಯಂತ್ರಣ ಕಂಪ್ಯೂಟರಿನ ತೊಂದರೆಯಿಂದ ಪ್ರಪಂಚದಾದ್ಯಂತ ಸುಮಾರು 6,000 ವಿಮಾನಗಳನ್ನು ಸರಿಪಡಿಸಬೇಕಾಯಿತು. ಹೆಚ್ಚಿನವಕ್ಕೆ ಸಾಫ್ಟ್‌ವೇರ್ ಬದಲಿಸಿದರೆ ಸಾಕಿತ್ತು, ಎರಡು-ಮೂರು ಗಂಟೆಯ ಕೆಲಸ. ಹಾಗಾಗಿ ವಾರಾಂತ್ಯದಲ್ಲೇ ಬಹುಪಾಲು ಮುಗಿಯಿತು. ಅದರ ಬದಲು ಹೊಸ ಕಂಪ್ಯೂಟರ್ ಪೆಟ್ಟಿಗೆಗಾಗಿ ಎಲ್ಲರೂ ಕಾಯಬೇಕಾಗಿದ್ದರೆ ಕಥೆ ಬೇರೆ ಇರುತ್ತಿತ್ತು.

ಎರಡನೇ ಭಾಗ: ಹ್ಯಾಂಗರ್ ಮತ್ತು ಸ್ಟೋರ್ಸ್

ಹಗಲೆಲ್ಲಾ ಹಾರ್ತಾನೇ ಇರ್ತವೆ. ಹಾಗಾದ್ರೆ ಸರ್ವೀಸ್ ಯಾವಾಗ?

ರಾತ್ರಿ. ಕೊನೆಯ ವಿಮಾನ ಇಳಿದ ಮೇಲೆ, ಬೆಳಗಿನ ಮೊದಲ ವಿಮಾನ ಹೊರಡುವ ಮೊದಲು ನಾಲ್ಕೈದು ಗಂಟೆ ಸಿಗುತ್ತದೆ. ಟೈರು, ಬ್ರೇಕು, ಎಣ್ಣೆ, ಮೆಲ್‌ನಲ್ಲಿ ಬಾಕಿ ಉಳಿದಿದ್ದು ಎಲ್ಲಾ ಆಗಲೇ. ಕೆಲವು ತಿಂಗಳಿಗೊಮ್ಮೆ ಎ ಚೆಕ್ ಬರುತ್ತದೆ. ಅದರ ಕೆಲಸಗಳನ್ನು ತುಂಡು ತುಂಡು ಮಾಡಿ ಹಲವು ರಾತ್ರಿಗೆ ಹಂಚುವುದೂ ಉಂಟು. ಸುಮಾರು ಎರಡು ವರ್ಷಕ್ಕೊಮ್ಮೆ ಸಿ ಚೆಕ್. ಆಗ ವಿಮಾನ ದಿನಗಟ್ಟಲೆ ಹ್ಯಾಂಗರಿನೊಳಗೆ ಇರುತ್ತದೆ. ಆರು ಮತ್ತು ಹನ್ನೆರಡು ವರ್ಷಕ್ಕೆ ಬರುವುದು ಭಾರೀ ಚೆಕ್. ಸೀಟು, ನೆಲ, ಗೋಡೆ ಎಲ್ಲ ಬಿಚ್ಚಿ ಒಳಗಿನ ಲೋಹಕ್ಕೆ ತುಕ್ಕು, ಬಿರುಕು ಇದೆಯಾ ಎಂದು ನೋಡುತ್ತಾರೆ. ಬಿಚ್ಚಿದ ಮೇಲೆ ಏನು ಸಿಗುತ್ತದೋ ಮೊದಲೇ ಹೇಳುವುದು ಕಷ್ಟ. ಹೊಸದಾಗಿ ಸಿಕ್ಕ ತೊಂದರೆಗೆ ಪಾರ್ಟು ಬರುವುದು ತಡವಾದರೆ ವಿಮಾನ ಹ್ಯಾಂಗರಿನಲ್ಲೇ ಉಳಿಯುತ್ತದೆ, ಹಿಂದೆ ಬರಬೇಕಾದ ವಿಮಾನದ ಜಾಗವೂ ಹೋಗುತ್ತದೆ.

ಎಚ್‌ಎಎಲ್ ಇಲ್ಲೇ ಇದೆ, ಬೋಯಿಂಗ್ ಇಲ್ಲೇ ಇದೆ. ಆದ್ರೂ ಪಾರ್ಟು ಹೊರದೇಶದಿಂದ ಯಾಕೆ ಬರಬೇಕು?

ಈ ಪ್ರಶ್ನೆ ಕೇಳದ ಬೆಂಗಳೂರಿಗರು ಕಡಿಮೆ. ನಮ್ಮಲ್ಲಿ ವಿಮಾನದ ಭಾಗಗಳು ತಯಾರಾಗುತ್ತವೆ ಎಂಬುದು ನಿಜ. ಎ320ರ ಮುಂದಿನ ಬಾಗಿಲುಗಳನ್ನು ಎಚ್‌ಎಎಲ್ ಬಹಳ ಕಾಲ ಮಾಡಿಕೊಟ್ಟಿದೆ. ಪೀಣ್ಯದ ಡೈನಮ್ಯಾಟಿಕ್ ಟೆಕ್ನಾಲಜೀಸ್ ಅದೇ ವಿಮಾನದ ಫ್ಲ್ಯಾಪ್ ಟ್ರ್ಯಾಕ್ ಬೀಮ್, ಅಂದರೆ ರೆಕ್ಕೆಯ ಹಿಂದಿನ ಫ್ಲ್ಯಾಪ್ ಹೊರುವ ತೊಲೆ, ಮಾಡುತ್ತದೆ. ಬೆಳಗಾವಿಯ ಏಕಸ್‌ನಲ್ಲೂ ಏರ್‌ಬಸ್ ಕೆಲಸ ನಡೆಯುತ್ತದೆ. ದೇವನಹಳ್ಳಿ ಹತ್ತಿರ ಬೋಯಿಂಗ್‌ನ 43 ಎಕರೆ ಕ್ಯಾಂಪಸ್ 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಆದರೆ ಅಲ್ಲಿ ನಡೆಯುವುದು ಎಂಜಿನಿಯರಿಂಗ್ ಕೆಲಸ, ಬಿಡಿಭಾಗದ ಕೌಂಟರ್ ಅಲ್ಲ.

ಇಲ್ಲಿ ಮಾಡಿದ ಭಾಗ ನೇರ ಹೊಸ ವಿಮಾನ ಜೋಡಿಸುವ ಕಾರ್ಖಾನೆಗೆ ಹೋಗುತ್ತದೆ. ಅದರ ವಿನ್ಯಾಸ ಇಲ್ಲಿಯವರದ್ದಲ್ಲ. ಪೀಣ್ಯದಲ್ಲಿ ಮಾಡಿದ್ದನ್ನು ದೇವನಹಳ್ಳಿಯ ವಿಮಾನಕ್ಕೆ ಹಾಕಬೇಕಾದರೂ ಅದು ಆ ವಿನ್ಯಾಸದವರ ಮೂಲಕ, ಸರಿಯಾದ ಬಿಡುಗಡೆ ಪತ್ರದೊಂದಿಗೆ, ಅಂದರೆ ವಿಮಾನಕ್ಕೆ ಹಾಕಬಹುದು ಎಂದು ಸಹಿ ಹಾಕಿದ ಕಾಗದದೊಂದಿಗೆ ಬರಬೇಕು. ಹಾಗಾಗಿ ಐವತ್ತು ಕಿಲೋಮೀಟರು ದೂರದ್ದು ಯುರೋಪ್ ಸುತ್ತಿ ಬಂದರೂ ಆಶ್ಚರ್ಯವಿಲ್ಲ. ಮತ್ತೆ, ಜಾಸ್ತಿ ಕೈಕೊಡುವುದು ಬಾಗಿಲು, ಬೀಮ್ ಅಲ್ಲ. ವಾಲ್ವ್, ಪಂಪ್, ಜನರೇಟರ್, ಎಲೆಕ್ಟ್ರಾನಿಕ್ ಪೆಟ್ಟಿಗೆಗಳು. ಅವುಗಳ ತಯಾರಕರು ಬಹುಪಾಲು ಅಮೆರಿಕ, ಯುರೋಪಿನಲ್ಲಿದ್ದಾರೆ.

ರಿಪೇರಿಯ ಜಾಗದ ವಿಚಾರದಲ್ಲಿ ಬೆಂಗಳೂರು ಬದಲಾಗುತ್ತಿದೆ. ಕೆಂಪೇಗೌಡ ನಿಲ್ದಾಣದಲ್ಲಿ ಇಂಡಿಗೋ 2022ರಲ್ಲಿ ಎರಡು ವಿಮಾನ ಒಟ್ಟಿಗೆ ನಿಲ್ಲುವ ಹ್ಯಾಂಗರ್ ತೆರೆಯಿತು. ಏರ್ ಇಂಡಿಯಾ 35 ಎಕರೆಯಲ್ಲಿ ದೊಡ್ಡ ರಿಪೇರಿ ಕೇಂದ್ರ ಕಟ್ಟುವ ಕೆಲಸವನ್ನು 2024ರಲ್ಲಿ ಶುರು ಮಾಡಿತು. ಅದಕ್ಕೆ ಸಿಂಗಪುರದ ಎಸ್‌ಐಎ ಎಂಜಿನಿಯರಿಂಗ್ ಜೊತೆಗಿದೆ. ಎಂಜಿನ್ನಿನ ಕೆಲಸ ಮಾತ್ರ ಬೇರೆ ಲೆಕ್ಕ. ಹೊಸ ಎ320, 737ಗಳಲ್ಲಿ ಬರುವ ಲೀಪ್ ಎಂಜಿನ್‌ಗಳಿಗಾಗಿ ಫ್ರಾನ್ಸಿನ ಸಾಫ್ರಾನ್ ಕಂಪನಿ ತನ್ನ ರಿಪೇರಿ ಕೇಂದ್ರವನ್ನು 2025ರ ನವೆಂಬರಿನಲ್ಲಿ ತೆರೆದದ್ದು ಹೈದರಾಬಾದಿನಲ್ಲಿ.

ಒಂದು ಪಾರ್ಟು ಬರೋಕೆ ಎಷ್ಟು ಹೊತ್ತು ಬೇಕು?

ಪಾರ್ಟು ಎಲ್ಲಿದೆ ಅನ್ನುವುದರ ಮೇಲೆ. ಬಿಡಿಭಾಗಗಳನ್ನು ಮೂರು ಗುಂಪು ಮಾಡಿಕೊಂಡಿರುತ್ತಾರೆ. ಅದಿಲ್ಲದೆ ಹಾರುವಂತೆಯೇ ಇಲ್ಲ ಅನ್ನುವುದು "ನೋ-ಗೋ". ಷರತ್ತಿನ ಮೇಲೆ ಹಾರಬಹುದಾದದ್ದು "ಗೋ-ಇಫ್". ಪರವಾಗಿಲ್ಲ ಅನ್ನುವುದು "ಗೋ". ಸಣ್ಣ ಬಜೆಟ್ಟಿನ ಕಂಪನಿ ಮೊದಲ ಗುಂಪಿನದ್ದನ್ನು ಮುಖ್ಯ ನೆಲೆಯಲ್ಲಿ ಇಟ್ಟುಕೊಳ್ಳುತ್ತದೆ, ಉಳಿದದ್ದಕ್ಕೆ ಅದೃಷ್ಟ ನಂಬುತ್ತದೆ.

ಬೆಂಗಳೂರಿನ ಸ್ಟೋರ್ಸ್‌ನಲ್ಲೇ ಇದ್ದರೆ ಅರ್ಧ ಗಂಟೆ. ದೆಹಲಿಯಲ್ಲಿದ್ದರೆ ಮುಂದಿನ ವಿಮಾನದ ಹೊಟ್ಟೆಯಲ್ಲಿ ಬರುತ್ತದೆ. ಸಿಂಗಪುರ, ದುಬೈನಲ್ಲಿದ್ದರೆ ಒಂದೆರಡು ದಿನ, ಕಸ್ಟಮ್ಸ್ ಸೇರಿಸಿ. ವಿಮಾನ ಪಾರ್ಟಿಗಾಗಿ ನಿಂತಿದೆ ಎಂದು ಹೇಳುವ ಎಒಜಿ ಎಂಬ ಮೂರಕ್ಷರ ಪ್ರಪಂಚದಲ್ಲೆಲ್ಲ ಗೊತ್ತು. ಅದನ್ನು ಬರೆದ ಪಾರ್ಸೆಲ್ ಸಾಲಿನಲ್ಲಿ ಮುಂದೆ ಹೋಗುತ್ತದೆ, ಬಿಲ್ಲೂ ಹಾಗೇ ಮೇಲೆ ಹೋಗುತ್ತದೆ.

ನಿಜವಾದ ಪೇಚಾಟ ಸಣ್ಣ ಊರಿನಲ್ಲಿ. ಕಲಬುರಗಿಯಲ್ಲೋ ಬೀದರ್‌ನಲ್ಲೋ ವಿಮಾನ ನಿಂತರೆ ಅಲ್ಲಿ ಸ್ಟೋರ್ಸ್ ಇಲ್ಲ, ಆ ಕೆಲಸಕ್ಕೆ ಸಹಿ ಹಾಕುವ ಎಂಜಿನಿಯರೂ ಇರದಿರಬಹುದು. ಪಾರ್ಟು, ಟೂಲ್ಸು, ಇಬ್ಬರು ಮನುಷ್ಯರು ಕಾರಿನಲ್ಲಿ ರಾತ್ರಿಯೆಲ್ಲ ಪ್ರಯಾಣ ಮಾಡಿ ಹೋಗಬೇಕು. ಎಂಜಿನ್ ಆದರಂತೂ ಎ320ರ ಕಾರ್ಗೋ ಬಾಗಿಲಲ್ಲಿ ಅದು ಹೋಗುವುದೇ ಇಲ್ಲ. ಏರ್ ಸಸ್ಪೆನ್ಷನ್ ಇರುವ ಲಾರಿಯಲ್ಲಿ, ಕುಲುಕದ ಹಾಗೆ ನಿಧಾನಕ್ಕೆ ತರಬೇಕು.

ಜೆ.ಸಿ. ರಸ್ತೆಲಿ ಕಾರಿಗೆ ಸಿಗೋ ಹಾಗೆ ವಿಮಾನಕ್ಕೂ ಡೂಪ್ಲಿಕೇಟ್ ಪಾರ್ಟ್ಸ್ ಬರುತ್ತಾ?

ಬಂದಿದೆ. ಲಂಡನ್ನಿನ ಎಒಜಿ ಟೆಕ್ನಿಕ್ಸ್ ಎಂಬ ಕಂಪನಿ ಸುಳ್ಳು ಕಾಗದ ಸೃಷ್ಟಿಸಿ ಎಂಜಿನ್ ಬಿಡಿಭಾಗ ಮಾರುತ್ತಿತ್ತು. 2023ರಲ್ಲಿ ಅದು ಹೊರಬಿತ್ತು. ಹೆಚ್ಚಿನವು ಸಿಎಫ್‌ಎಂ56 ಎಂಜಿನ್ನಿಗೆ ಸೇರಿದ್ದವು. ಹಳೆಯ ಎ320, 737ಗಳಲ್ಲಿ ಇರುವುದು ಅದೇ. ಹಲವು ದೇಶಗಳ ಕಂಪನಿಗಳು ಎಂಜಿನ್ ಇಳಿಸಿ ಹುಡುಕಬೇಕಾಯಿತು.

ವಿಮಾನದ ಪಾರ್ಟಿಗೆ ಜೀವ ಇರುವುದು ಕಾಗದದಲ್ಲಿ, ಅಂದರೆ ಆಗಲೇ ಹೇಳಿದ ಬಿಡುಗಡೆ ಪತ್ರದಲ್ಲಿ. ಯುರೋಪಿನದ್ದಾದರೆ ಇಎಎಸ್‌ಎ ಫಾರಂ 1, ಅಮೆರಿಕದ್ದಾದರೆ ಎಫ್‌ಎಎ 8130-3, ನಮ್ಮದಾದರೆ ಸಿಎ ಫಾರಂ 1. ಆ ಕಾಗದ ಇಲ್ಲದಿದ್ದರೆ ಪಳಪಳ ಹೊಳೆಯುವ ಹೊಸ ಪಾರ್ಟೂ ಗುಜರಿ. ಪಾರ್ಟಿನ ಬರ ಜಾಸ್ತಿಯಾದಾಗಲೇ ಇಂಥ ಕಳ್ಳರು ಹುಟ್ಟುವುದು. ಕಡಿಮೆ ಬೆಲೆ, ತಕ್ಷಣ ಲಭ್ಯ ಅಂದರೆ ಸ್ಟೋರ್ಸಿನವರು ಎರಡು ಸಲ ಓದಬೇಕು.

ನಿಂತಿರೋ ವಿಮಾನದಿಂದ ಬಿಚ್ಚಿ ಹಾರೋ ವಿಮಾನಕ್ಕೆ ಹಾಕ್ತಾರಂತೆ, ನಿಜಾನಾ?

ನಿಜ. ಕೆಲಸದವರು ಇದನ್ನು "ರಾಬರಿ" ಎಂದೇ ಕರೆಯುತ್ತಾರೆ, ಆದರೆ ಇದು ಕಳ್ಳತನವಲ್ಲ. ಎರಡೂ ವಿಮಾನದ ದಾಖಲೆಯಲ್ಲಿ ಬರೆದು, ಪರೀಕ್ಷಿಸಿ ಮಾಡಿದರೆ ನಿಯಮದೊಳಗೇ ಇದೆ. ತೊಂದರೆ ಏನೆಂದರೆ ಒಂದು ಕೆಲಸ ಎರಡಾಗುತ್ತದೆ. ಬಿಚ್ಚುವಾಗ ಸರಿ ಇದ್ದದ್ದೂ ಕೆಡಬಹುದು. ಒಂದು ಪಾರ್ಟಿಗೆಂದು ಶುರುವಾದದ್ದು ಇಪ್ಪತ್ತಕ್ಕೆ ಹೋದರೆ ಆ ನಿಂತ ವಿಮಾನ ಮತ್ತೆ ಏಳುವುದೇ ಕಷ್ಟ. ಗೋ ಫಸ್ಟ್ ಎಂಬ ವಿಮಾನ ಕಂಪನಿ 2023ರಲ್ಲಿ ನಿಂತ ಮೇಲೆ, "ನಮ್ಮ ವಿಮಾನಗಳಲ್ಲಿ ಭಾಗಗಳು ಕಾಣೆಯಾಗಿವೆ" ಎಂದು ಅದಕ್ಕೆ ವಿಮಾನ ಬಾಡಿಗೆಗೆ ಕೊಟ್ಟವರು ದೆಹಲಿ ಹೈಕೋರ್ಟಿನಲ್ಲಿ ದೂರಿದ್ದರು.

ಮೂರನೇ ಭಾಗ: ಎಂಜಿನ್, ಬಾಡಿಗೆ, ದುಡ್ಡು

ಹೊಸ ಎಂಜಿನ್ನೇ ಯಾಕೆ ಇಷ್ಟು ಕೈಕೊಡ್ತು? ಹಳೇದೇ ಚೆನ್ನಾಗಿತ್ತಲ್ಲ?

ಹಳೆಯ ಸಿಎಫ್‌ಎಂ56 ವರ್ಷಗಟ್ಟಲೆ ರೆಕ್ಕೆಯಿಂದ ಇಳಿಯದೆ ದುಡಿಯುತ್ತಿತ್ತು. ಎ320ರ ಹೊಸ ಮಾದರಿ ಎ320ನಿಯೋ ಜೊತೆ ಬಂದ ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ ಗೇರ್ಡ್ ಟರ್ಬೋಫ್ಯಾನ್ ಎಂಜಿನ್ ಇಂಧನ ಉಳಿಸುತ್ತದೆ. ಅಗ್ಗದ ಕಂಪನಿಗಳಿಗೆ ಇಂಧನವೇ ದೊಡ್ಡ ಖರ್ಚಾದ್ದರಿಂದ ಇಂಡಿಗೋ, ಗೋಏರ್ ಎರಡೂ ಅದನ್ನೇ ಆರಿಸಿದವು. ಇಂಧನ ಉಳಿಸಲು ಒಳಗಿನ ಬಿಸಿ ಮತ್ತು ಒತ್ತಡ ಏರಿಸಬೇಕು. ಏರಿಸಿದಷ್ಟೂ ಲೋಹ ಬೇಗ ಸವೆಯುತ್ತದೆ. ನಮ್ಮ ಸೆಕೆ, ಧೂಳು ಅದಕ್ಕೆ ಜೊತೆ ಸೇರಿದವು.

2018ರ ಮಾರ್ಚ್‌ನಲ್ಲಿ ಡಿಜಿಸಿಎ ಈ ಎಂಜಿನ್ನಿನ 11 ವಿಮಾನಗಳನ್ನು ನಿಲ್ಲಿಸಿತು, 8 ಇಂಡಿಗೋದವು, 3 ಗೋಏರ್‌ನವು. 2019ರಲ್ಲಿ ಇಂಡಿಗೋ 280 ಹೊಸ ವಿಮಾನಗಳಿಗೆ ಸಿಎಫ್‌ಎಂನ ಲೀಪ್ ಎಂಜಿನ್ ಕೊಳ್ಳಲು ನಿರ್ಧರಿಸಿತು. ದೊಡ್ಡ ಪೆಟ್ಟು ಬಿದ್ದದ್ದು 2023ರಲ್ಲಿ. ಎಂಜಿನ್ ಒಳಗಿನ ಡಿಸ್ಕುಗಳನ್ನು ಮಾಡುವ ಲೋಹದ ಪುಡಿಯಲ್ಲೇ ಕಲ್ಮಶ ಇತ್ತು ಎಂದು ಪ್ರ್ಯಾಟ್ ಕಂಪನಿ ಪ್ರಕಟಿಸಿತು. ನೂರಾರು ಎಂಜಿನ್ ಅವಧಿಗೆ ಮೊದಲೇ ಇಳಿಸಬೇಕಾಯಿತು. ಒಂದೊಂದು ಎಂಜಿನ್ ಹೋಗಿ ಬರಲು 300 ದಿನದವರೆಗೂ ಹಿಡಿಯಬಹುದು ಎಂದರು. ಇಂಡಿಗೋದ 70ಕ್ಕೂ ಹೆಚ್ಚು ವಿಮಾನಗಳು 2024ರ ಆರಂಭದಲ್ಲಿ ಸಾಲಾಗಿ ನಿಂತಿದ್ದವು.

ಒಂದೇ ಪೆಟ್ಟು, ಎರಡು ಫಲ. ಇಂಡಿಗೋ ಹತ್ತಿರ ದುಡ್ಡಿತ್ತು. ಹಳೆಯ ವಿಮಾನಗಳ ಬಾಡಿಗೆ ಮುಂದುವರಿಸಿತು, ಕೆಲವನ್ನು ಸಿಬ್ಬಂದಿ ಸಮೇತ ಬಾಡಿಗೆಗೆ ತಂದಿತು, ಉಳಿಯಿತು. ಗೋ ಫಸ್ಟ್ ಎಂದು ಹೆಸರು ಬದಲಿಸಿಕೊಂಡಿದ್ದ ಗೋಏರ್, ತನ್ನ ಅರ್ಧದಷ್ಟು ಎ320ನಿಯೋ ಎಂಜಿನ್ ಇಲ್ಲದೆ ನಿಂತಿವೆ ಎಂದು ಹೇಳಿ 2023ರ ಮೇ ತಿಂಗಳಲ್ಲಿ ದಿವಾಳಿ ಅರ್ಜಿ ಹಾಕಿತು. ತಪ್ಪೆಲ್ಲ ಎಂಜಿನ್ನಿನದ್ದೇ ಎಂದು ಪ್ರ್ಯಾಟ್ ಒಪ್ಪಲಿಲ್ಲ, ಬಾಕಿ ದುಡ್ಡಿನ ಮಾತೆತ್ತಿತು. 2025ರ ಜನವರಿಯಲ್ಲಿ ಗೋ ಫಸ್ಟ್ ಮುಚ್ಚಲು ಆದೇಶವಾಯಿತು. ಎಂಜಿನ್ ಕೈಕೊಟ್ಟಿತು ಅನ್ನುವುದು ಅರ್ಧ ಕಾರಣ ಅಷ್ಟೇ ಎಂದು ನನ್ನ ಅಭಿಪ್ರಾಯ. ಕೈಕೊಟ್ಟಾಗ ತಡೆದುಕೊಳ್ಳಲು ಗಂಟಿನಲ್ಲಿ ಏನೂ ಇರಲಿಲ್ಲ ಅನ್ನುವುದು ಉಳಿದರ್ಧ.

ವಿಮಾನ ಬಾಡಿಗೆದು ಅಂತೀರಿ. ಹಾಗಾದ್ರೆ ರಿಪೇರಿ ಓನರ್ ಖರ್ಚಲ್ವಾ?

ಮನೆ ಬಾಡಿಗೆಯ ಹಾಗಲ್ಲ ಇದು. ರಿಪೇರಿ ಬಾಡಿಗೆದಾರನದ್ದೇ. ಬಾಡಿಗೆಯ ಜೊತೆ ಹಾರಿದ ಗಂಟೆಗೆ ಇಷ್ಟು ಎಂದು ಮೇಂಟೆನೆನ್ಸ್ ರಿಸರ್ವ್ ಕೂಡ ಕಟ್ಟಿಸಿಕೊಳ್ಳುವುದುಂಟು. ದೊಡ್ಡ ಕೆಲಸ ಮಾಡಿಸಿದಾಗ ಅದರಿಂದ ವಾಪಸ್ ಕೊಡುತ್ತಾರೆ. ವಿಮಾನ ಹಿಂದಿರುಗಿಸುವಾಗ ಒಪ್ಪಂದದಲ್ಲಿ ಹೇಳಿದ ಸ್ಥಿತಿಯಲ್ಲೇ ಕೊಡಬೇಕು. ಒಂದು ಭಾಗದ ಹಳೆಯ ಕಾಗದ ಸಿಗದಿದ್ದರೂ ಜಗಳ.

ಅಗ್ಗದ ಕಂಪನಿಗಳ ಹಳೆಯ ಲೆಕ್ಕ ಹೀಗಿತ್ತು: ಹೊಸ ವಿಮಾನ ತರು, ಸುಮಾರು ಆರು ವರ್ಷ ಹಾರಿಸು, ಭಾರೀ ಚೆಕ್ ಬರುವ ಹೊತ್ತಿಗೆ ವಾಪಸ್ ಕೊಡು. ಹೊಸ ವಿಮಾನ ಸಮಯಕ್ಕೆ ಬಂದರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ಕೋವಿಡ್ ನಂತರ ಏರ್‌ಬಸ್, ಬೋಯಿಂಗ್ ಎರಡರದ್ದೂ ತಡ. ಹಳೆಯದನ್ನೇ ಇಟ್ಟುಕೊಂಡರೆ ಭಾರೀ ಚೆಕ್ಕೂ ತಲೆ ಮೇಲೆ, ಹಳೆಯ ಪಾರ್ಟಿನ ಹುಡುಕಾಟವೂ ತಲೆ ಮೇಲೆ. ಬಾಡಿಗೆ, ಪಾರ್ಟು, ಎಂಜಿನ್ ರಿಪೇರಿ ಎಲ್ಲವೂ ಡಾಲರಿನಲ್ಲಿ. ನಿಮ್ಮ ಟಿಕೆಟ್ ಮಾತ್ರ ರೂಪಾಯಿಯಲ್ಲಿ.

ಸರ್ಕಾರ ತೆರಿಗೆ ಇಳಿಸಿದೆಯಂತಲ್ಲ?

ಇಳಿಸಿದೆ. ರಿಪೇರಿ ಸೇವೆಯ ಮೇಲಿನ ಜಿಎಸ್‌ಟಿ 2020ರಲ್ಲಿ 18ರಿಂದ ಶೇಕಡಾ 5ಕ್ಕೆ ಬಂತು. 2024ರ ಜುಲೈನಿಂದ ಆಮದಾಗುವ ಬಿಡಿಭಾಗಗಳಿಗೂ ಒಂದೇ ದರ, ಶೇಕಡಾ 5. ಅದಕ್ಕೆ ಮೊದಲು ಪಾರ್ಟಿಗೊಂದು ದರ ಇತ್ತು. ಇದರಿಂದ ಕೆಲಸ ದೇಶದಲ್ಲೇ ಮಾಡಿಸುವುದು ಅಗ್ಗವಾಗಿದೆ. ಪಾರ್ಟಿನ ಬರ ಮಾತ್ರ ತೆರಿಗೆಯಿಂದ ಬಂದದ್ದಲ್ಲ, ತೆರಿಗೆಯಿಂದ ಹೋಗುವುದೂ ಇಲ್ಲ.

ನಾಲ್ಕೈದು ವಿಮಾನ ಇರೋ ಸಣ್ಣ ಕಂಪನಿ ಹೇಗೆ ನಿಭಾಯಿಸುತ್ತೆ?

ಕಷ್ಟಪಟ್ಟು. ನೂರು ವಿಮಾನಕ್ಕೆ ಐದು ಸ್ಪೇರ್ ಪಂಪ್ ಸಾಕು. ಐದು ವಿಮಾನಕ್ಕೂ ಒಂದಾದರೂ ಬೇಕೇ ಬೇಕು. ಅಂದರೆ ಸಣ್ಣವನಿಗೆ ತಲೆಗೆ ಬೀಳುವ ಖರ್ಚು ನಾಲ್ಕು ಪಟ್ಟು. ಅದಕ್ಕೇ ಅವರು ಪಾರ್ಟು ಕೊಳ್ಳದೆ ಪೂಲ್, ಅಂದರೆ ಹಲವು ಕಂಪನಿಗಳು ಹಂಚಿಕೊಳ್ಳುವ ಬಿಡಿಭಾಗದ ಸಂಗ್ರಹ, ಸೇರುತ್ತಾರೆ. ಹಾರಿದ ಗಂಟೆಗೆ ಇಷ್ಟು ಎಂದು ಕಟ್ಟುತ್ತಾರೆ, ಕೆಟ್ಟದ್ದನ್ನು ಕೊಟ್ಟು ಸರಿಯಾದದ್ದನ್ನು ಪಡೆಯುತ್ತಾರೆ. ವ್ಯವಸ್ಥೆ ಚೆನ್ನಾಗಿದೆ, ಕಂತು ತಪ್ಪದಿರುವವರೆಗೆ. ಬೆಂಗಳೂರಿನಿಂದ ಸಣ್ಣ ಊರುಗಳ ಕಡೆ ಹಾರುವ ಸ್ಟಾರ್ ಏರ್‌ನಂಥವರ ಬಳಿ ಎಂಬ್ರೇಯರ್ ವಿಮಾನಗಳಿವೆ. ದೇಶದಲ್ಲಿ ಆ ಬಗೆಯವು ಕಡಿಮೆ. ಪಕ್ಕದ ಕಂಪನಿಯಿಂದ ಕೈಗಡ ತರೋಣ ಎಂದರೆ ಪಕ್ಕದವರ ಹತ್ತಿರ ಇರುವುದು ಏರ್‌ಬಸ್.

ಕಂಪನಿ ಹತ್ರ ದುಡ್ಡಿಲ್ಲ ಅಂತ ಪೇಪರಲ್ಲಿ ಬಂದ್ರೆ ಹತ್ತಬಹುದಾ?

ನನ್ನನ್ನು ಕೇಳಿದರೆ, ಆ ದಿನದ ವಿಮಾನಕ್ಕೆ ಭಯ ಬೇಡ, ಮುಂದಿನ ತಿಂಗಳ ಟಿಕೆಟ್ಟಿಗೆ ಯೋಚಿಸಿ. 2022ರ ಜುಲೈನಲ್ಲಿ ಡಿಜಿಸಿಎ ಸ್ಪೈಸ್‌ಜೆಟ್‌ಗೆ ನೋಟಿಸ್ ಕೊಟ್ಟಿತ್ತು. ಪೂರೈಕೆದಾರರಿಗೆ ಸರಿಯಾಗಿ ದುಡ್ಡು ಸೇರುತ್ತಿಲ್ಲ, ಅದರಿಂದ ಬಿಡಿಭಾಗಗಳ ಕೊರತೆ, ಪದೇ ಪದೇ ಮೆಲ್ ಬಳಕೆ ಎಂದು ಅದರಲ್ಲಿ ನೇರವಾಗಿ ಹೇಳಿತ್ತು. ಅದೇ ತಿಂಗಳ ಕೊನೆಯಲ್ಲಿ ಎಂಟು ವಾರಗಳ ಕಾಲ ಹಾರಾಟವನ್ನು ಅರ್ಧಕ್ಕೆ ಇಳಿಸಿತು. ನಿಯಂತ್ರಕರು ಕಣ್ಣು ತೆರೆದಿದ್ದರೆ ಮೊದಲು ಕಡಿಮೆಯಾಗುವುದು ವಿಮಾನಗಳ ಸಂಖ್ಯೆ. ನೀವು ಗಮನಿಸಬೇಕಾದದ್ದೂ ಅದನ್ನೇ. ಒಂದೇ ಮಾರ್ಗದಲ್ಲಿ ವಾರಕ್ಕೆ ಎರಡು ಮೂರು ಸಲ ರದ್ದಾಗುತ್ತಿದ್ದರೆ ಮದುವೆ, ಪರೀಕ್ಷೆಗಳಿಗೆ ಆ ಕಂಪನಿಯನ್ನು ನಂಬಬೇಡಿ.

ನನ್ನ ಮಗಳು ಎಎಂಇ ಓದ್ತೀನಿ ಅಂತಾಳೆ. ಸೇರಿಸಬಹುದಾ ಸಾರ್?

ಧಾರಾಳವಾಗಿ. ಎಎಂಇ ಅಂದರೆ ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಎಂಜಿನಿಯರಿಂಗ್, ಈ ರಿಪೇರಿ ಕೆಲಸದ ಓದು. ಪಾರ್ಟಿನಷ್ಟೇ ಬರ ಲೈಸೆನ್ಸ್ ಇರುವ ಎಂಜಿನಿಯರುಗಳದ್ದೂ ಇದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಬೇಕು. ಎಂಜಿನ್, ಮೈಕಟ್ಟು ಇಷ್ಟವಾದರೆ ಬಿ1, ಎಲೆಕ್ಟ್ರಾನಿಕ್ಸ್ ಇಷ್ಟವಾದರೆ ಬಿ2. ಕಾಲೇಜಿನ ಸರ್ಟಿಫಿಕೇಟ್ ಬೇರೆ, ಡಿಜಿಸಿಎ ಲೈಸೆನ್ಸ್ ಬೇರೆ ಎಂಬುದನ್ನು ಅಪ್ಪ-ಅಮ್ಮಂದಿರು ಮೊದಲೇ ತಿಳಿದುಕೊಳ್ಳಬೇಕು. ಡಿಜಿಸಿಎ ಪರೀಕ್ಷೆಯ ಮಾಡ್ಯೂಲ್‌ಗಳನ್ನು ಪಾಸು ಮಾಡಬೇಕು, ಕೆಲಸದ ಅನುಭವ ತೋರಿಸಬೇಕು. ಆಮೇಲೆ ಒಂದೊಂದು ಬಗೆಯ ವಿಮಾನಕ್ಕೆ ಟೈಪ್ ರೇಟಿಂಗ್ ಎಂಬ ಬೇರೆ ಅರ್ಹತೆ. ಕೊನೆಗೆ ಕಂಪನಿ ಅಧಿಕಾರ ಕೊಟ್ಟ ಮೇಲೆ ಸಹಿ ಹಾಕುವ ಹಕ್ಕು.

ಫೀಸು ಕಟ್ಟುವ ಮೊದಲು ಆ ಸಂಸ್ಥೆಗೆ ಸಿಎಆರ್-147, ಅಂದರೆ ತರಬೇತಿ ಸಂಸ್ಥೆಗಳಿಗಿರುವ ಡಿಜಿಸಿಎ ನಿಯಮದ ಮಾನ್ಯತೆ ಇದೆಯಾ ಎಂದು ಡಿಜಿಸಿಎ ಪಟ್ಟಿಯಲ್ಲೇ ನೋಡಿ, ಜಾಹೀರಾತಿನಲ್ಲಿ ಅಲ್ಲ. ಮಕ್ಕಳನ್ನು ಹಾರುವ ವಿಮಾನದ ಹತ್ತಿರ ಎಷ್ಟು ತಿಂಗಳು ಕಳಿಸುತ್ತಾರೆ, ಯಾವ ಹ್ಯಾಂಗರಿಗೆ ಕಳಿಸುತ್ತಾರೆ ಎಂದು ಕೇಳಿ. ಹಿಂದಿನ ಬ್ಯಾಚಿನ ಇಬ್ಬರ ಜೊತೆ ಮಾತಾಡಿ. ಮತ್ತೆ ಮಗಳಿಗೆ ರಾತ್ರಿ ಪಾಳಿಯ ವಿಷಯ ಈಗಲೇ ಹೇಳಿಬಿಡಿ. ದೇವನಹಳ್ಳಿಯ ಡಿಸೆಂಬರ್ ಮಂಜಿನಲ್ಲಿ ಬೆಳಗಿನ ಜಾವ ಮೂರು ಗಂಟೆಗೆ ಚಕ್ರ ಬದಲಿಸುವುದೂ ಈ ಕೆಲಸದಲ್ಲೇ ಸೇರಿದೆ.